ಸಿಪಿಯು, ಜಿಪಿಯು ಬೆರೆತ ಕ್ಲಸ್ಟರ್‌ನಲ್ಲಿ ಕರೆಂಟ್ ಉಳಿಸುವುದು ಹೇಗೆ

ಇಂಟೆಲ್‌ನ ಹಳೆಯ ಝಿಯಾನ್ ಸಿಪಿಯು ಇರುವ ನೋಡ್‌ಗಳು (ನೋಡ್ ಅಂದರೆ ಒಂದು ಸರ್ವರ್, ಇಂಥವನ್ನು ಜೋಡಿಸಿದರೆ ಕ್ಲಸ್ಟರ್), ಆಮೇಲೆ ಬಂದ ಎಎಂಡಿ ಇಪಿಕ್ ನೋಡ್‌ಗಳು, ಎನ್‌ವಿಡಿಯಾದ ವಿ100 ಜಿಪಿಯು ಕಾರ್ಡ್ ನಾಲ್ಕು ನಾಲ್ಕು ಕೂಡಿಸಿದ ಒಂದೆರಡು ಪೆಟ್ಟಿಗೆ, ಕೊನೆಗೆ ಸೇರಿದ, ಅದಕ್ಕಿಂತ ಹೊಸ ಎ100. ವಿಶ್ವವಿದ್ಯಾಲಯಗಳ ಕ್ಲಸ್ಟರ್ ಕೋಣೆ ಸಾಮಾನ್ಯವಾಗಿ ಹೀಗೇ ಬೆಳೆದಿರುತ್ತದೆ. ದೊಡ್ಡ ಯಂತ್ರಗಳೂ ಒಂದೇ ಬಗೆಯ ನೋಡ್‌ಗಳಿಂದ ಆದವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಶುರುವಾದ 3.3 ಪೆಟಾಫ್ಲಾಪ್ಸ್‌ನ ಸೂಪರ್‌ಕಂಪ್ಯೂಟರ್ ಪರಮ್ ಪ್ರವೇಗದಲ್ಲಿಯೂ ಇಂಟೆಲ್ ಕ್ಯಾಸ್ಕೇಡ್ ಲೇಕ್ ಸಿಪಿಯು ನೋಡ್‌ಗಳ ಪಕ್ಕದಲ್ಲಿ ವಿ100 ಜಿಪಿಯು ನೋಡ್‌ಗಳಿವೆ. ಇಂಥ ಕಡೆ ಎಲ್ಲ ನೋಡ್‌ಗಳಿಗೂ ಒಂದೇ ಸೆಟ್ಟಿಂಗ್ ಹಾಕಿ ಕರೆಂಟ್ ಉಳಿಸಲು ಹೊರಟರೆ ಒಂದು ಕಡೆ ಉಳಿದದ್ದು ಇನ್ನೊಂದು ಕಡೆ ಸೋರುತ್ತದೆ.

ಈ ಬರಹದ ಎಲ್ಲ ಹಂತಗಳೂ ಒಂದೇ ಮಾತಿನ ಮೇಲೆ ನಿಂತಿವೆ: ಎಣಿಸಬೇಕಾದದ್ದು ವ್ಯಾಟ್ ಅಲ್ಲ, ಮುಗಿದ ಒಂದು ಜಾಬ್‌ಗೆ (ಬಳಕೆದಾರರು ಓಡಿಸಲು ಕೊಟ್ಟ ಒಂದು ಕೆಲಸಕ್ಕೆ) ಖರ್ಚಾದ ಜೂಲ್, ಅದೂ ಗೋಡೆಯ ಪ್ಲಗ್‌ನಿಂದ ಎಳೆದ ಜೂಲ್. ವ್ಯಾಟ್ ಇಳಿಸುವುದು ಸುಲಭ, ಎಲ್ಲವನ್ನೂ ನಿಧಾನ ಮಾಡಿದರಾಯಿತು. ಆದರೆ ಜಾಬ್ ಎರಡು ಪಟ್ಟು ಹೊತ್ತು ಓಡಿದರೆ ಫ್ಯಾನು, ಮೆಮೊರಿ, ನೆಟ್‌ವರ್ಕ್ ಕಾರ್ಡ್, ಪವರ್ ಸಪ್ಲೈ ಎಲ್ಲವೂ ಅಷ್ಟೂ ಹೊತ್ತು ಕರೆಂಟ್ ತಿನ್ನುತ್ತಾ ಕೂತಿರುತ್ತವೆ.

ಮೊದಲು ಅಳತೆ

ಮೂರು ಜಾಗದಲ್ಲಿ ಅಳೆಯಬೇಕು. ಮೂರೂ ಬೇರೆ ಬೇರೆ ಅಂಕಿ ಕೊಡುತ್ತವೆ, ಕೊಡಲೇಬೇಕು.

ಒಂದು, ಚಿಪ್ಪಿನೊಳಗೆ. ಇಂಟೆಲ್ ಪ್ರೊಸೆಸರ್‌ಗಳಲ್ಲಿ 2011ರ ಸ್ಯಾಂಡಿ ಬ್ರಿಡ್ಜ್‌ನಿಂದ ಈಚೆಗೆ ರ‍್ಯಾಪಲ್ ಎಂಬ ಎಣಿಕೆ ಇದೆ, ಚಿಪ್ಪು ಖರ್ಚು ಮಾಡಿದ ಜೂಲನ್ನು ಅದು ಕೂಡಿಸುತ್ತಾ ಹೋಗುತ್ತದೆ. ಲಿನಕ್ಸ್‌ನಲ್ಲಿ ಪವರ್‌ಕ್ಯಾಪ್ ಫೋಲ್ಡರ್‌ನ ಕೆಳಗೆ ಪ್ರತಿ ಸಾಕೆಟ್‌ಗೆ (ಸಿಪಿಯು ಕೂರುವ ಜಾಗಕ್ಕೆ) ಒಂದು ಫೈಲ್ ಸಿಗುತ್ತದೆ, ಅದರಲ್ಲಿರುವ ಅಂಕಿ ಮೈಕ್ರೋಜೂಲ್. ಜಾಬ್‌ಗೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಓದಿ ಕಳೆದರೆ ಆಯಿತು ಅನ್ನಿಸುತ್ತದೆ. ಎಡವುವುದು ಇಲ್ಲಿಯೇ. ಕೆಳಗಿನ ಎಣಿಕೆ 32 ಬಿಟ್‌ನದು. ಬಹುಪಾಲು ಸರ್ವರ್ ಚಿಪ್ಪುಗಳಲ್ಲಿ ಒಂದು ಹೆಜ್ಜೆಗೆ ಸುಮಾರು 61 ಮೈಕ್ರೋಜೂಲ್. ಹಾಗಾಗಿ ಸುಮಾರು 2,62,000 ಜೂಲ್ ಆದ ಕೂಡಲೇ ಅದು ಸುತ್ತು ಹೊಡೆದು ಸೊನ್ನೆಯಿಂದ ಮತ್ತೆ ಶುರುವಾಗುತ್ತದೆ. 200 ವ್ಯಾಟ್ ತಿನ್ನುವ ಸಾಕೆಟ್‌ಗೆ ಇದು ಬರೀ 22 ನಿಮಿಷ. ಆರು ಗಂಟೆಯ ಜಾಬ್‌ಗೆ ಎರಡೇ ಸಲ ಓದಿದವರಿಗೆ ಸಿಗುವ ಅಂಕಿ ಶುದ್ಧ ಸುಳ್ಳು. ನಿಮಿಷಕ್ಕೊಮ್ಮೆ ಓದಿ, ಸುತ್ತು ಹೊಡೆದಿದ್ದರೆ ಅದೇ ಫೋಲ್ಡರ್‌ನಲ್ಲಿರುವ ಗರಿಷ್ಠ ಮೌಲ್ಯವನ್ನು ಕೂಡಿಸಿ. ಇನ್ನೊಂದು ವಿಷಯ: 2020ರಲ್ಲಿ ಪ್ಲಾಟಿಪಸ್ ಎಂಬ ಭದ್ರತಾ ದೋಷ ಹೊರಬಂದ ಮೇಲೆ ಈ ಫೈಲನ್ನು ರೂಟ್ (ಆಡಳಿತಗಾರರ ಖಾತೆ) ಮಾತ್ರ ಓದಬಹುದು. ಬಳಕೆದಾರರಿಗೆ ಅಂಕಿ ಬೇಕಿದ್ದರೆ ಫೈಲಿನ ಅನುಮತಿ ಸಡಿಲಿಸಬೇಡಿ, ರೂಟ್‌ನಲ್ಲಿ ಓಡುವ ಸಣ್ಣ ಸೇವೆಯೊಂದರ ಮೂಲಕ ಕೊಡಿ. ಎಎಂಡಿ ಇಪಿಕ್‌ನಲ್ಲೂ ಇದೇ ದಾರಿಯಲ್ಲಿ ಪ್ಯಾಕೇಜ್ ಅಂಕಿ (ಇಡೀ ಚಿಪ್ಪಿನದು) ಓದಬಹುದು, ಆದರೆ ಮೆಮೊರಿಯ ಅಂಕಿ ಬೇರೆಯಾಗಿ ಸಿಗದು, ಮಿತಿ ಹಾಕಲೂ ಆಗದು. ಎರಡು ಬಗೆಯ ನೋಡ್‌ಗಳನ್ನು ಹೋಲಿಸುವಾಗ ಒಂದರಲ್ಲಿ ಮೆಮೊರಿ ಸೇರಿದೆ, ಇನ್ನೊಂದರಲ್ಲಿ ಇಲ್ಲ ಎಂಬುದು ಮರೆತುಹೋದರೆ ಇಂಟೆಲ್ ನೋಡ್‌ಗೆ ಅನ್ಯಾಯವಾಗುತ್ತದೆ.

ಎರಡು, ಕಾರ್ಡ್‌ನಲ್ಲಿ. ಎನ್‌ವಿಡಿಯಾ-ಎಸ್‌ಎಂಐ ಎಂಬ ಆಜ್ಞೆ ತೋರಿಸುವ ವ್ಯಾಟ್ ಅಂಕಿಯನ್ನು ಸೆಕೆಂಡಿಗೊಮ್ಮೆ ಬರೆದಿಟ್ಟು ಕೂಡಿಸುವುದು ರೂಢಿ. ಅದಕ್ಕಿಂತ ಒಳ್ಳೆಯ ದಾರಿ ಇದೆ. ವೋಲ್ಟಾ ಪೀಳಿಗೆಯಿಂದ ಈಚೆಗೆ, ಅಂದರೆ ವಿ100 ಮತ್ತು ಆಮೇಲಿನ ಕಾರ್ಡ್‌ಗಳಲ್ಲಿ, ಡ್ರೈವರ್ ಲೋಡ್ ಆದಂದಿನಿಂದ ಒಟ್ಟು ಎಷ್ಟು ಮಿಲಿಜೂಲ್ ಖರ್ಚಾಯಿತು ಎಂಬ ಎಣಿಕೆಯನ್ನು ಎನ್‌ವಿಎಂಎಲ್ ಲೈಬ್ರರಿ ಕೊಡುತ್ತದೆ. ಅದನ್ನೇ ಬಳಸಿ. ಪರ್ಸಿಸ್ಟೆನ್ಸ್ ಮೋಡ್ ಆನ್ ಇರಲಿ, ಇಲ್ಲದಿದ್ದರೆ ಕಾರ್ಡ್ ಖಾಲಿಯಾದಾಗ ಡ್ರೈವರ್ ಇಳಿದು ಎಣಿಕೆಯೂ ಹೋಗುತ್ತದೆ, ನೀವು ಹಾಕಿದ ಪವರ್ ಮಿತಿಯೂ ಹೋಗುತ್ತದೆ. ಎ100, ಎಚ್100 ಕಾರ್ಡ್‌ಗಳ ವ್ಯಾಟ್ ಸಂವೇದಕ ಪ್ರತಿ 100 ಮಿಲಿಸೆಕೆಂಡಿನಲ್ಲಿ 25 ಮಿಲಿಸೆಕೆಂಡಿನ ಬಳಕೆಯನ್ನಷ್ಟೇ ನೋಡುತ್ತದೆ ಎಂದು ಸಂಶೋಧಕರು ಕಂಡುಕೊಂಡಿದ್ದಾರೆ. ಅರ್ಧ ಸೆಕೆಂಡಿನ ಕರ್ನಲ್ (ಕಾರ್ಡ್‌ನಲ್ಲಿ ಓಡುವ ಕೋಡ್ ತುಣುಕು) ಒಂದನ್ನು ಒಂದೇ ಸಲ ಓಡಿಸಿ ಇಷ್ಟೇ ಜೂಲ್ ಎಂದು ತೀರ್ಮಾನಿಸಬೇಡಿ. ಒಂದೆರಡು ನಿಮಿಷವಾದರೂ ಮತ್ತೆ ಮತ್ತೆ ಓಡಿಸಿ ಸರಾಸರಿ ತೆಗೆಯಿರಿ.

ಮೂರು, ಗೋಡೆಯ ಹತ್ತಿರ. ರ‍್ಯಾಕ್‌ನ ಪಿಡಿಯುನಲ್ಲಿ (ಕರೆಂಟ್ ಹಂಚುವ ಪೆಟ್ಟಿಗೆಯಲ್ಲಿ) ಔಟ್‌ಲೆಟ್‌ವಾರು ಮೀಟರ್ ಇದ್ದರೆ ಅದೇ ಶ್ರೇಷ್ಠ. ಇಲ್ಲದಿದ್ದರೆ ನೋಡ್‌ನ ಬಿಎಂಸಿಯಿಂದ (ಸರ್ವರ್ ಮೇಲೆ ನಿಗಾ ಇಡುವ ಪುಟ್ಟ ಚಿಪ್ಪು) ಐಪಿಎಂಐ ಎಂಬ ನಿಯಮಾವಳಿಯ ಮೂಲಕ ಓದಿ. ಐಪಿಎಂಐಟೂಲ್‌ನ ಡಿಸಿಎಂಐ ಪವರ್ ರೀಡಿಂಗ್ ಆಜ್ಞೆ ಸಾಕು. ಚಿಪ್ಪು, ಕಾರ್ಡ್ ಎರಡರ ಜೂಲ್ ಕೂಡಿಸಿ ಗೋಡೆಯ ಅಂಕಿಯಿಂದ ಕಳೆದರೆ ಉಳಿಯುವುದು ಫ್ಯಾನು, ಡಿಸ್ಕು, ನೆಟ್‌ವರ್ಕು, ಪವರ್ ಸಪ್ಲೈನ ನಷ್ಟ. ಈ ಉಳಿಕೆಯನ್ನೂ ನೋಡ್ ಖಾಲಿ ಇದ್ದಾಗಿನ ಗೋಡೆಯ ವ್ಯಾಟನ್ನೂ ಪ್ರತಿ ಬಗೆಯ ನೋಡ್‌ಗೂ ಒಂದು ಚೀಟಿಯಲ್ಲಿ ಬರೆದಿಡಿ, ಮುಂದಿನ ಹಂತದಲ್ಲಿ ಉಳಿಕೆಯೇ ತೀರ್ಪುಗಾರ.

ಒಂದು ಜಾಬನ್ನು ಹತ್ತಿರದಿಂದ ನೋಡೋಣ

ನಾಲ್ಕು ಕಾರ್ಡ್‌ಗಳ ಒಂದು ನೋಡ್ ಇದೆ ಎಂದುಕೊಳ್ಳಿ, ಪ್ರತಿ ಕಾರ್ಡ್‌ನ ಮಿತಿ 300 ವ್ಯಾಟ್. ಕಾರ್ಡ್‌ಗಳನ್ನು ಬಿಟ್ಟು ಉಳಿದದ್ದಕ್ಕೆ 600 ವ್ಯಾಟ್ ಹೋಗುತ್ತದೆ. ನಿಮ್ಮಲ್ಲಿ ಹೆಚ್ಚು ಓಡುವ ಜಾಬ್ ಒಂದನ್ನು ಆರಿಸಿ ನಾಲ್ಕು ಮಿತಿಗಳಲ್ಲಿ ಓಡಿಸಿ. ಕೆಳಗಿನ ಅಂಕಿಗಳು ಲೆಕ್ಕ ತೋರಿಸಲು ಇಟ್ಟುಕೊಂಡವು, ಕಾರ್ಡ್ ತನ್ನ ಮಿತಿಯವರೆಗೂ ತಿನ್ನುತ್ತದೆ ಎಂದಿಟ್ಟುಕೊಂಡಿದೆ. ನಿಮ್ಮವು ಬೇರೆ ಇರುತ್ತವೆ, ಆದರೆ ಆಕಾರ ಇದೇ.

300 ವ್ಯಾಟ್ ಮಿತಿ: 3600 ಸೆಕೆಂಡು. ಕಾರ್ಡ್‌ಗಳ ಲೆಕ್ಕ 1.20 ಯೂನಿಟ್, ಗೋಡೆಯ ಲೆಕ್ಕ 1.80 ಯೂನಿಟ್.
250 ವ್ಯಾಟ್ ಮಿತಿ: 3700 ಸೆಕೆಂಡು. ಕಾರ್ಡ್‌ಗಳು 1.03, ಗೋಡೆ 1.64.
200 ವ್ಯಾಟ್ ಮಿತಿ: 4000 ಸೆಕೆಂಡು. ಕಾರ್ಡ್‌ಗಳು 0.89, ಗೋಡೆ 1.56.
150 ವ್ಯಾಟ್ ಮಿತಿ: 5000 ಸೆಕೆಂಡು. ಕಾರ್ಡ್‌ಗಳು 0.83, ಗೋಡೆ 1.67.

ಒಂದು ಯೂನಿಟ್ ಅಂದರೆ 36 ಲಕ್ಷ ಜೂಲ್. ಕಾರ್ಡ್‌ನ ಅಂಕಿಯನ್ನೇ ನಂಬಿದವರು 150 ವ್ಯಾಟ್‌ನಲ್ಲಿ ನಿಲ್ಲಿಸುತ್ತಾರೆ, ಉಳಿತಾಯ ಇನ್ನೂ ಏರುತ್ತಿದೆ ಎಂದುಕೊಳ್ಳುತ್ತಾರೆ. ಬಿಲ್ ಕೊಡುವುದು ಗೋಡೆಯ ಅಂಕಿಗೆ, ಅಲ್ಲಿ ತಗ್ಗು ಇರುವುದು 200ರಲ್ಲಿ. 150ಕ್ಕೆ ಇಳಿಸಿದಾಗ ಜಾಬ್ ಒಂದು ಸಾವಿರ ಸೆಕೆಂಡು ಹೆಚ್ಚು ಓಡಿತು, ಆ ಸಾವಿರ ಸೆಕೆಂಡೂ 600 ವ್ಯಾಟ್ ಸುಮ್ಮನೆ ಹೋಯಿತು. ಕಾರ್ಡ್ ಹೊರತಾದ ಖರ್ಚು ಹೆಚ್ಚಿದ್ದಷ್ಟೂ ಈ ತಗ್ಗು ಮೇಲಿನ ವ್ಯಾಟ್ ಕಡೆಗೆ ಸರಿಯುತ್ತದೆ. ಅದಕ್ಕೇ ಎರಡು ಕಾರ್ಡ್‌ನ ಹಳೇ ಸರ್ವರ್‌ಗೆ ಸರಿಯಾದ ಮಿತಿ ಎಂಟು ಕಾರ್ಡ್‌ನ ಪೆಟ್ಟಿಗೆಗೆ ಸರಿಯಾಗುವುದಿಲ್ಲ, ಕಾರ್ಡ್ ಒಂದೇ ಮಾದರಿಯದಾದರೂ.

ಗಮನಿಸಿ: 300ರಿಂದ 250ಕ್ಕೆ ಬಂದಾಗ ಕಳೆದುಕೊಂಡದ್ದು ನೂರೇ ಸೆಕೆಂಡು. ಚಿಪ್ಪು ದುಡಿಯುವಾಗ ತಿನ್ನುವ ವ್ಯಾಟ್ ವೋಲ್ಟೇಜ್‌ನ ವರ್ಗಕ್ಕೂ ಕ್ಲಾಕ್‌ಗೂ ಅನುಪಾತದಲ್ಲಿರುತ್ತದೆ. ತುತ್ತತುದಿಯ ಕ್ಲಾಕ್‌ಗೆ ವೋಲ್ಟೇಜನ್ನೂ ಏರಿಸಬೇಕಾಗುತ್ತದೆ, ಹಾಗಾಗಿ ಕೊನೆಯ ಹತ್ತಿಪ್ಪತ್ತು ಮೆಗಾಹರ್ಟ್ಸ್ ಬಹಳ ದುಬಾರಿ. ಮೊದಲು ಕತ್ತರಿಸಬೇಕಾದದ್ದು ಆ ತುದಿಯನ್ನೇ.

ಓಡಿಸುವ ಕ್ರಮ ಹೀಗೆ. ಎನ್‌ವಿಡಿಯಾ-ಎಸ್‌ಎಂಐನ ಪವರ್ ವಿವರ ತೆರೆದು ಆ ಕಾರ್ಡ್‌ನ ಕನಿಷ್ಠ, ಗರಿಷ್ಠ ಮಿತಿ ನೋಡಿಕೊಳ್ಳಿ. ಎಸ್‌ಎಕ್ಸ್‌ಎಂ ಮಾದರಿಯ (ಬೋರ್ಡ್ ಮೇಲೆ ನೇರ ಕೂರುವ) ವಿ100ಗೆ ಗರಿಷ್ಠ 300 ವ್ಯಾಟ್, ಎ100ಗೆ 400, ಎಚ್100ಗೆ 700. ಅವೇ ಹೆಸರಿನ ಪಿಸಿಐಇ (ಸಾಮಾನ್ಯ ಸ್ಲಾಟ್‌ಗೆ ಹಾಕುವ) ಕಾರ್ಡ್‌ಗಳ ಮಿತಿ ಕಡಿಮೆ, ಹೆಸರು ನೋಡಿ ಅಂಕಿ ನಕಲು ಮಾಡಬೇಡಿ. ಪರ್ಸಿಸ್ಟೆನ್ಸ್ ಮೋಡ್ ಹಾಕಿ. ಪಿಎಲ್ ಆಯ್ಕೆಯಿಂದ ಮಿತಿ ಇಡಿ. ಐದು ನಿಮಿಷ ಕಾಯಿಸಿದ ಮೇಲೆಯೇ ಅಳತೆ ಶುರುಮಾಡಿ, ಏಕೆಂದರೆ ತಣ್ಣಗಿನ ಕಾರ್ಡ್‌ನಲ್ಲಿ ಕರೆಂಟ್ ಸೋರಿಕೆ ಕಡಿಮೆ, ಫ್ಯಾನೂ ನಿಧಾನ. ಪ್ರತಿ ಮಿತಿಗೂ ಮೂರು ಸಲ ಓಡಿಸಿ, ಮೂರರಲ್ಲಿ ಶೇ. 2ಕ್ಕಿಂತ ಹೆಚ್ಚು ಅಂತರ ಬಂದರೆ ಪಕ್ಕದ ನೋಡ್‌ನ ಬಿಸಿ ಗಾಳಿಯೋ ಹಂಚಿಕೆಯ ಫೈಲ್ ಸಿಸ್ಟಮ್ಮೋ ಅಡ್ಡ ಬರುತ್ತಿದೆ ಎಂದು ತಿಳಿದು ಅದನ್ನು ಮೊದಲು ಸರಿಮಾಡಿ. ಎಎಂಡಿ ಇನ್‌ಸ್ಟಿಂಕ್ಟ್ ಕಾರ್ಡ್‌ಗಳಲ್ಲಿ ಇದೇ ಕೆಲಸಕ್ಕೆ ರಾಕ್‌ಎಂ-ಎಸ್‌ಎಂಐ ಅಥವಾ ಅದರ ನಂತರ ಬಂದ ಎಎಂಡಿ-ಎಸ್‌ಎಂಐ ಇದೆ.

ಪವರ್ ಮಿತಿಯೋ, ಕ್ಲಾಕ್ ಬೀಗವೋ

ಒಂದೇ ಮಾದರಿಯ ಎರಡು ಕಾರ್ಡ್‌ಗಳು ಒಂದೇ ಚಿಪ್ಪಲ್ಲ. ತಯಾರಿಕೆಯಲ್ಲಿ ಆಗುವ ಸಣ್ಣ ವ್ಯತ್ಯಾಸದಿಂದ ಒಂದಕ್ಕೆ ಅದೇ ಕ್ಲಾಕ್‌ಗೆ ಹೆಚ್ಚು ವೋಲ್ಟೇಜ್ ಬೇಕು. ಮಿತಿ ಸಡಿಲವಾಗಿರುವಾಗ ಇದು ಕಾಣುವುದಿಲ್ಲ. 200 ವ್ಯಾಟ್‌ಗೆ ಬಿಗಿದ ಕೂಡಲೇ ಒಂದು ಕಾರ್ಡ್ ಒಂದು ಕ್ಲಾಕ್‌ನಲ್ಲಿ, ಪಕ್ಕದ್ದು ಅದಕ್ಕಿಂತ ಕೆಳಗಿನ ಕ್ಲಾಕ್‌ನಲ್ಲಿ ನಿಲ್ಲುತ್ತದೆ. ಪ್ರತಿ ಹೆಜ್ಜೆಯಲ್ಲೂ ಎಲ್ಲ ಕಾರ್ಡ್‌ಗಳು ಒಂದನ್ನೊಂದು ಕಾಯುವ ಜಾಬ್‌ಗಳಲ್ಲಿ, ಅಂದರೆ ನರಜಾಲದ ತರಬೇತಿ, ಡೊಮೇನ್ ಹಂಚಿಕೊಂಡ ದ್ರವಚಲನೆಯ ಲೆಕ್ಕ ಇಂಥವುಗಳಲ್ಲಿ, ಎಲ್ಲರಿಗಿಂತ ನಿಧಾನದ ಕಾರ್ಡ್ ಹೇಳಿದಂತೆ ಉಳಿದವು ನಡೆಯುತ್ತವೆ. ಚುರುಕಾದ ಕಾರ್ಡ್ ಕಾಯುತ್ತಾ ಕರೆಂಟ್ ಸುಡುತ್ತದೆ.

ಇಂಥ ಜಾಬ್‌ಗಳಿಗೆ ಪವರ್ ಮಿತಿಗಿಂತ ಕ್ಲಾಕ್ ಬೀಗ ಮೇಲು. ವೋಲ್ಟಾದಿಂದ ಈಚೆಗೆ ಎಲ್‌ಜಿಸಿ ಆಯ್ಕೆಯಲ್ಲಿ ಕನಿಷ್ಠ, ಗರಿಷ್ಠ ಎರಡೂ ಮೆಗಾಹರ್ಟ್ಸ್ ಕೊಟ್ಟು ಬೀಗ ಹಾಕಬಹುದು, ಆರ್‌ಜಿಸಿ ಆಯ್ಕೆಯಲ್ಲಿ ಬಿಚ್ಚಬಹುದು. ಒಂದೊಂದೇ ಕಾರ್ಡ್‌ನಲ್ಲಿ ಓಡುವ ಬಿಡಿ ಜಾಬ್‌ಗಳಿಗೆ ಪವರ್ ಮಿತಿಯೇ ಸಾಕು. ರ‍್ಯಾಕ್‌ಗೆ ಬರುವ ಕರೆಂಟೇ ಕಡಿಮೆ ಇದ್ದು ಬ್ರೇಕರ್ ಬೀಳುವ ಭಯವಿದ್ದರಂತೂ ಪವರ್ ಮಿತಿಯನ್ನು ಬಿಡುವಂತೆಯೇ ಇಲ್ಲ, ಏಕೆಂದರೆ ಕ್ಲಾಕ್ ಬೀಗ ವ್ಯಾಟ್‌ನ ಭರವಸೆ ಕೊಡುವುದಿಲ್ಲ. ಎರಡನ್ನೂ ಒಟ್ಟಿಗೆ ಇಡಬಹುದು: ಬೀಗ ಕೆಳಗೆ, ಮಿತಿ ಅದಕ್ಕಿಂತ ಒಂದಿಷ್ಟು ಮೇಲೆ ಕಾವಲಿಗೆ.

ಜಿಪಿಯು ನೋಡ್‌ನಲ್ಲಿ ಮರೆತುಹೋದ ಸಿಪಿಯು

ಕಾರ್ಡ್‌ಗಳು ದುಡಿಯುತ್ತಿರುವಾಗ ಸಿಪಿಯು ಸುಮ್ಮನಿರುತ್ತದೆ ಎಂದು ನಂಬಿರುತ್ತೇವೆ. ಟಾಪ್ ಆಜ್ಞೆ ಕೊಟ್ಟು ನೋಡಿ, ಕಾರ್ಡ್‌ಗೊಂದು ಪ್ರೊಸೆಸ್ ಶೇ. 100ರಲ್ಲಿ ಕೂತಿರುವುದು ಎಷ್ಟೋ ಸಲ ಕಾಣುತ್ತದೆ. ಅದು ಲೆಕ್ಕ ಮಾಡುತ್ತಿಲ್ಲ, ಕಾರ್ಡ್ ಮುಗಿಸಿತೇ ಮುಗಿಸಿತೇ ಎಂದು ಕ್ಷಣಕ್ಷಣಕ್ಕೂ ಕೇಳುತ್ತಾ ಸುತ್ತುತ್ತಿದೆ. ಉಳಿದ ಕೋರ್‌ಗಳು ಖಾಲಿ ಇರುವುದರಿಂದ ಟರ್ಬೊ ಈ ಸುತ್ತುವ ಕೋರ್‌ಗಳನ್ನೇ ಅತಿ ಹೆಚ್ಚಿನ ಗಿಗಾಹರ್ಟ್ಸ್‌ಗೆ ಏರಿಸುತ್ತದೆ. ನೋಡ್‌ಗಳ ನಡುವೆ ಸಂದೇಶ ಸಾಗಿಸುವ ಎಂಪಿಐ ಕಾಯುವಾಗಲೂ ಹೀಗೇ.

ಪರಿಹಾರ ಎರಡು. ಕೋಡ್ ನಿಮ್ಮದಾಗಿದ್ದರೆ ಕುಡಾದಲ್ಲಿ (ಎನ್‌ವಿಡಿಯಾ ಕಾರ್ಡ್‌ಗೆ ಕೋಡ್ ಬರೆಯುವ ಸಾಧನ) ಬ್ಲಾಕಿಂಗ್ ಸಿಂಕ್ ಧ್ವಜ ಹಾಕಿ, ಆಗ ಪ್ರೊಸೆಸ್ ಮಲಗಿ ಕಾರ್ಡ್ ಕರೆದಾಗ ಏಳುತ್ತದೆ. ಕೋಡ್ ನಿಮ್ಮದಲ್ಲದಿದ್ದರೆ ಆ ನೋಡ್‌ನಲ್ಲಿ ಟರ್ಬೊ ಆಫ್ ಮಾಡಿ. ಇಂಟೆಲ್ ಪಿ-ಸ್ಟೇಟ್ ಡ್ರೈವರ್‌ನಲ್ಲಿ ನೋ-ಟರ್ಬೊ ಫೈಲ್‌ಗೆ 1 ಬರೆದರೆ ಆಯಿತು. ಇನ್ನೂ ಕೆಳಗೆ ಹೋಗಬೇಕಿದ್ದರೆ ಸಿಪಿಯುಪವರ್ ಆಜ್ಞೆಯಿಂದ ಗರಿಷ್ಠ ಕ್ಲಾಕ್ ಇಳಿಸಿ, ಆದರೆ 100 ಮೆಗಾಹರ್ಟ್ಸ್ ಹೆಜ್ಜೆಯಲ್ಲಿ, ಜಾಬ್‌ನ ಹೊತ್ತು ನೋಡುತ್ತಾ. ಕೆಲವೇ ಮೈಕ್ರೋಸೆಕೆಂಡಿನ ಸಾವಿರಾರು ಪುಟ್ಟ ಕರ್ನಲ್‌ಗಳನ್ನು ಒಂದರ ಹಿಂದೆ ಒಂದು ಕಳಿಸುವ ಕೋಡ್‌ಗಳಲ್ಲಿ ಸಿಪಿಯು ನಿಧಾನವಾದರೆ ಕಾರ್ಡ್ ಹಸಿದು ಕೂರುತ್ತದೆ. ಅಲ್ಲಿ 40 ವ್ಯಾಟ್ ಉಳಿಸಲು ಹೋಗಿ ನಾಲ್ಕು ಕಾರ್ಡ್‌ಗಳನ್ನು ಖಾಲಿ ಓಡಿಸಿದ ಹಾಗಾಗುತ್ತದೆ. ಬ್ಲಾಕಿಂಗ್ ಸಿಂಕ್‌ಗೂ ಇದೇ ಎಚ್ಚರಿಕೆ.

ಸಿಪಿಯು ನೋಡ್‌ಗಳು

ಇಲ್ಲಿ ಎಲ್ಲವೂ ನಿಂತಿರುವುದು ಒಂದು ಪ್ರಶ್ನೆಯ ಮೇಲೆ: ಕೋಡ್ ಕಾಯುತ್ತಿರುವುದು ಕೋರ್‌ಗೋ ಮೆಮೊರಿಗೋ? ಹವಾಮಾನ ಮಾದರಿಗಳು, ವಿರಳ ಮ್ಯಾಟ್ರಿಕ್ಸ್ ಬಿಡಿಸುವ ಕೋಡ್‌ಗಳು ಹೆಚ್ಚಾಗಿ ಮೆಮೊರಿಗೆ ಕಾಯುತ್ತವೆ. ಕೋರ್ ಕ್ಲಾಕ್ ಇಳಿಸಿದರೆ ಅವಕ್ಕೆ ಅಷ್ಟೇನೂ ತಿಳಿಯುವುದಿಲ್ಲ. ಅಣುಚಲನೆಯ ಕೋಡ್‌ಗಳಿಗೆ ಪ್ರತಿ ಮೆಗಾಹರ್ಟ್ಸೂ ತಟ್ಟುತ್ತದೆ.

ಎಡಿನ್‌ಬರೊದಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ಯಂತ್ರ ಆರ್ಚರ್2 ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿತು. 5,860 ಇಪಿಕ್ ನೋಡ್‌ಗಳ ಆ ಯಂತ್ರದಲ್ಲಿ 2022ರಲ್ಲಿ ಮೊದಲು ಬಯಾಸ್‌ನ (ಯಂತ್ರ ಏಳುವಾಗ ಮೊದಲು ಓಡುವ ತಂತ್ರಾಂಶದ) ಒಂದು ಸೆಟ್ಟಿಂಗ್ ಬದಲಿಸಿದರು, ವರ್ಷದ ಕೊನೆಗೆ ಡೀಫಾಲ್ಟ್ ಕ್ಲಾಕನ್ನು 2.25 ಗಿಗಾಹರ್ಟ್ಸ್‌ನಿಂದ 2.0ಗೆ ಇಳಿಸಿದರು. ಕ್ಯಾಬಿನೆಟ್‌ಗಳ ಸರಾಸರಿ ಬಳಕೆ 3,220 ಕಿಲೋವ್ಯಾಟ್‌ನಿಂದ 2,530ಕ್ಕೆ ಬಂತು. ಅದಕ್ಕಿಂತ ಕಲಿಯಬೇಕಾದದ್ದು ಅವರು ಬಿಟ್ಟ ಬಾಗಿಲು: ಶೇ. 10ಕ್ಕಿಂತ ಹೆಚ್ಚು ನಿಧಾನವಾಗುವ ಸಾಫ್ಟ್‌ವೇರ್‌ಗಳ ಮಾಡ್ಯೂಲ್‌ಗಳು ತಾವಾಗಿ ಹಳೆಯ ಕ್ಲಾಕ್‌ಗೆ ಮರಳುವಂತೆ ಇಟ್ಟರು, ಬಳಕೆದಾರರೂ ತಮ್ಮ ಜಾಬ್‌ಗೆ ಕ್ಲಾಕ್ ಕೇಳಬಹುದಿತ್ತು. ಕಡಿಮೆ ಕ್ಲಾಕ್ ಡೀಫಾಲ್ಟ್ ಆಗಿರಲಿ, ಬೇಕಾದವರು ಏರಿಸಿಕೊಳ್ಳಲಿ. ಇದರ ತಿರುವುಮುರುವು ಮಾಡಿ, ದಯವಿಟ್ಟು ಕಡಿಮೆ ಕ್ಲಾಕ್ ಬಳಸಿ ಎಂದು ಇಮೇಲ್ ಕಳಿಸಿದರೆ ಯಾರೂ ಬಳಸುವುದಿಲ್ಲ.

ಜಾಬ್‌ಗಳನ್ನು ನೋಡ್‌ಗಳಿಗೆ ಹಂಚುವ ಸ್ಲರ್ಮ್‌ನಲ್ಲಿ ಸಿಪಿಯು-ಫ್ರೀಕ್ ಆಯ್ಕೆ ಇದನ್ನೇ ಕೊಡುತ್ತದೆ. ನಿಷ್ಕ್ರಿಯ ಸ್ಥಿತಿಗಳ ಬಗ್ಗೆ ಒಂದು ಮಾತು: ಹಲವು ಕಡೆ ಯಾರೋ ಎಂದೋ ನೆಟ್‌ವರ್ಕ್ ವಿಳಂಬ ತಗ್ಗಿಸಲು ಬಯಾಸ್‌ನಲ್ಲಿ ಸಿ6 ಎಂಬ ಗಾಢ ನಿದ್ರೆಯ ಸ್ಥಿತಿಯನ್ನು ಮುಚ್ಚಿರುತ್ತಾರೆ. ಸ್ಕೈಲೇಕ್ ಸರ್ವರ್ ಚಿಪ್ಪು ಸಿ6ನಿಂದ ಏಳಲು ಲಿನಕ್ಸ್‌ನ ಪಟ್ಟಿಯಂತೆ 133 ಮೈಕ್ರೋಸೆಕೆಂಡು ತೆಗೆದುಕೊಳ್ಳುತ್ತದೆ, ಭಯ ಸುಳ್ಳಲ್ಲ. ಆದರೆ ಖಾಲಿ ನೋಡ್‌ಗೆ ಆ ಭಯ ಯಾಕೆ? ಬಯಾಸ್‌ನಲ್ಲಿ ಸಿ6 ತೆರೆದಿಡಿ, ವಿಳಂಬ ಸಹಿಸದ ಜಾಬ್ ಬಂದಾಗ ಮಾತ್ರ ಪ್ರೋಲಾಗ್‌ನಲ್ಲಿ (ಜಾಬ್‌ಗೆ ಮುಂಚೆ ಸ್ಲರ್ಮ್ ಓಡಿಸುವ ಸ್ಕ್ರಿಪ್ಟ್) ಸಿಪಿಯುಪವರ್‌ನಿಂದ ಮುಚ್ಚಿ.

ಯಾವ ಜಾಬ್ ಯಾವ ನೋಡ್‌ಗೆ

ಹೊಸ ಕಾರ್ಡ್ ಯಾವಾಗಲೂ ಕರೆಂಟ್ ಉಳಿಸುತ್ತದೆ ಎಂಬುದು ಎಲ್ಲ ಜಾಬ್‌ಗೂ ನಿಜವಲ್ಲ. ಕಾಗದದ ಮೇಲೆ ಎಸ್‌ಎಕ್ಸ್‌ಎಂ ವಿ100ರ ಡಬಲ್ ಪ್ರಿಸಿಷನ್ (64 ಬಿಟ್ ಅಂಕಿಗಳ ಲೆಕ್ಕದ) ವೇಗ 7.8 ಟೆರಾಫ್ಲಾಪ್ಸ್, 300 ವ್ಯಾಟ್‌ಗೆ. ವ್ಯಾಟ್‌ಗೆ 26 ಗಿಗಾಫ್ಲಾಪ್ಸ್. ಎ100ರದು 9.7 ಟೆರಾಫ್ಲಾಪ್ಸ್, 400 ವ್ಯಾಟ್‌ಗೆ. ವ್ಯಾಟ್‌ಗೆ 24 ಚಿಲ್ಲರೆ. ಮ್ಯಾಟ್ರಿಕ್ಸ್ ಗುಣಾಕಾರಕ್ಕೆಂದೇ ಇರುವ ಟೆನ್ಸರ್ ಕೋರ್ ಬಳಸಿದರೆ ಮಾತ್ರ ಎ100 19.5ಕ್ಕೆ ಏರಿ ವ್ಯಾಟ್‌ಗೆ 48 ದಾಟುತ್ತದೆ. ಮೆಮೊರಿ ವೇಗದಲ್ಲಿ ವಿ100ಗೆ ಸೆಕೆಂಡಿಗೆ 900 ಗಿಗಾಬೈಟ್, 40 ಗಿಗಾಬೈಟ್‌ನ ಎ100ಗೆ 1,555. ವ್ಯಾಟ್ ಲೆಕ್ಕದಲ್ಲೂ ಎ100 ಮುಂದೆ. ಹಾಗಾಗಿ ಮ್ಯಾಟ್ರಿಕ್ಸ್ ಗುಣಾಕಾರವೇ ಹೆಚ್ಚಿರುವ ಜಾಬ್, ಮೆಮೊರಿಗೆ ಕಾಯುವ ಜಾಬ್ ಎರಡನ್ನೂ ಎ100ಗೆ ಕಳಿಸಿ. ಟೆನ್ಸರ್ ಕೋರ್ ಮುಟ್ಟದ, ಮೆಮೊರಿಗೂ ಅಷ್ಟಾಗಿ ಕಾಯದ ಹಳೆಯ ಡಬಲ್ ಪ್ರಿಸಿಷನ್ ಕೋಡ್ ವಿ100ರಲ್ಲೇ ಇರಲಿ, ಹೊಸ ಕಾರ್ಡ್ ಅದಕ್ಕೆ ದಂಡ. ಕಾಗದದ ಈ ಅಂಕಿ ದಿಕ್ಕು ತೋರಿಸಲು ಮಾತ್ರ, ತೀರ್ಮಾನಕ್ಕೆ ಮೇಲಿನ ಗೋಡೆ ಲೆಕ್ಕವೇ ಬೇಕು.

ಒಂದೇ ಜಾಬ್‌ಗೆ ಎರಡು ಪೀಳಿಗೆಯ ಕಾರ್ಡ್ ಬೆರೆಸಬೇಡಿ. ಸ್ಲರ್ಮ್‌ನಲ್ಲಿ ನೋಡ್‌ಗಳಿಗೆ ಫೀಚರ್ ಹೆಸರು ಕೊಟ್ಟು, ಜಾಬ್ ಯಾವುದನ್ನು ಕೇಳಿದರೂ ಎಲ್ಲ ನೋಡ್ ಒಂದೇ ಬಗೆಯದಾಗಿರುವಂತೆ ಮಾಡಿ. ಕಾರ್ಡ್ ಕೇಳಿ ಬಳಸದೇ ಇರುವ ಜಾಬ್‌ಗಳನ್ನು ವಾರಕ್ಕೊಮ್ಮೆ ಹುಡುಕಿ. ಎನ್‌ವಿಡಿಯಾದ ನಿಗಾ ಸಾಧನ ಡಿಸಿಜಿಎಂನ ಜಾಬ್ ಅಂಕಿಅಂಶದಲ್ಲಿ ಬಳಕೆ ಸೊನ್ನೆಯ ಹತ್ತಿರವಿದ್ದರೆ ಸಿಕ್ಕಿಬೀಳುತ್ತವೆ.

ಖಾಲಿ ನೋಡ್‌ಗಳನ್ನು ಮಲಗಿಸುವುದು

ಖಾಲಿ ನೋಡ್ ಒಂದು 300 ವ್ಯಾಟ್ ತಿಂದರೆ ಹತ್ತು ನೋಡ್‌ಗೆ ದಿನಕ್ಕೆ 72 ಯೂನಿಟ್, ಏಸಿ ಲೆಕ್ಕ ಬಿಟ್ಟು. ಸ್ಲರ್ಮ್ ಇದನ್ನು ತಾನೇ ಮಾಡಬಲ್ಲದು: ಸಸ್ಪೆಂಡ್‌ಟೈಮ್‌ನಲ್ಲಿ ಎಷ್ಟು ಸೆಕೆಂಡು ಖಾಲಿ ಇದ್ದರೆ ಆಫ್ ಮಾಡಬೇಕು, ಸಸ್ಪೆಂಡ್‌ಪ್ರೋಗ್ರಾಮ್‌ನಲ್ಲಿ ಆಫ್ ಮಾಡುವ ಸ್ಕ್ರಿಪ್ಟ್, ರೆಸ್ಯೂಮ್‌ಪ್ರೋಗ್ರಾಮ್‌ನಲ್ಲಿ ಐಪಿಎಂಐಯಿಂದ ಎಬ್ಬಿಸುವ ಸ್ಕ್ರಿಪ್ಟ್. 1800 ಸೆಕೆಂಡಿನಿಂದ ಶುರುಮಾಡಿ.

ಕೆಡುವುದು ಎಲ್ಲಿ ಎಂದರೆ ರೆಸ್ಯೂಮ್‌ಟೈಮ್‌ಔಟ್, ಅಂದರೆ ಎಬ್ಬಿಸಿದ ನೋಡ್‌ಗಾಗಿ ಸ್ಲರ್ಮ್ ಕಾಯುವ ಹೊತ್ತು. ಅದರ ಡೀಫಾಲ್ಟ್ 60 ಸೆಕೆಂಡು. ಎಂಟು ಕಾರ್ಡ್, ಅರ್ಧ ಟೆರಾಬೈಟ್ ಮೆಮೊರಿ ಇರುವ ಸರ್ವರ್ ಮೆಮೊರಿ ಪರೀಕ್ಷೆ ಮುಗಿಸುವುದಕ್ಕೇ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಸ್ಲರ್ಮ್ ಕಾದು ಕಾದು ನೋಡ್ ಡೌನ್ ಎಂದು ಗುರುತು ಹಾಕುತ್ತದೆ, ನೋಡ್ ಆಮೇಲೆ ಎದ್ದರೂ ಯಾರೂ ಅದಕ್ಕೆ ಕೆಲಸ ಕೊಡುವುದಿಲ್ಲ. ಪ್ರತಿ ಬಗೆಯ ನೋಡ್ ಏಳುವ ಹೊತ್ತನ್ನು ಗಡಿಯಾರ ಹಿಡಿದು ಅಳೆಯಿರಿ, ಅತಿ ನಿಧಾನದ್ದಕ್ಕೆ ಅರ್ಧದಷ್ಟು ಸೇರಿಸಿ ಆ ಅಂಕಿ ಇಡಿ. ರೆಸ್ಯೂಮ್‌ರೇಟನ್ನೂ ಇಳಿಸಿ: ಡೀಫಾಲ್ಟ್ ನಿಮಿಷಕ್ಕೆ 300 ನೋಡ್, ಅಷ್ಟೂ ಒಟ್ಟಿಗೆ ಎದ್ದರೆ ಯುಪಿಎಸ್‌ಗೆ ಪೆಟ್ಟು. ನೋಡ್‌ಗಳ ನಡುವಿನ ಇನ್ಫಿನಿಬ್ಯಾಂಡ್ ನೆಟ್‌ವರ್ಕ್ ನಡೆಸುವ ಸಬ್‌ನೆಟ್ ಮ್ಯಾನೇಜರ್ ಓಡುವ ನೋಡ್, ಫೈಲ್ ಸೇವೆ ಕೊಡುವ ನೋಡ್ ಇವನ್ನು ಆಫ್ ಮಾಡಬಾರದ ನೋಡ್‌ಗಳ ಸಸ್ಪೆಂಡ್‌ಎಕ್ಸ್‌ಸಿನೋಡ್ಸ್ ಪಟ್ಟಿಗೆ ಮೊದಲ ದಿನವೇ ಸೇರಿಸಿ.

ತಂಪು

ಸರ್ವರ್‌ಗೆ ಒಳಬರುವ ಗಾಳಿಗೆ ತಂಪು ವ್ಯವಸ್ಥೆಯ ಎಂಜಿನಿಯರ್‌ಗಳ ಅಮೆರಿಕನ್ ಸಂಘ ಆಶ್ರೇಯ ಶಿಫಾರಸು 18ರಿಂದ 27 ಡಿಗ್ರಿ. 18ರಲ್ಲಿ ಇಟ್ಟಿರುವ ಕೋಣೆಯನ್ನು ವಾರಕ್ಕೆ ಒಂದು ಡಿಗ್ರಿಯಂತೆ 24ಕ್ಕೆ ತನ್ನಿ. ಏಸಿಯ ಮೀಟರ್ ಇಳಿಯುತ್ತದೆ, ಒಂದು ಹಂತದ ಮೇಲೆ ಸರ್ವರ್ ಫ್ಯಾನ್‌ಗಳು ಜೋರಾಗುತ್ತವೆ. ಫ್ಯಾನಿನ ಕರೆಂಟ್ ವೇಗದ ಘನದಂತೆ ಏರುತ್ತದೆ, ವೇಗ ಶೇ. 25 ಹೆಚ್ಚಿದರೆ ಕರೆಂಟ್ ಸುಮಾರು ಎರಡು ಪಟ್ಟು. ಏಸಿ, ರ‍್ಯಾಕ್ ಎರಡರ ಮೊತ್ತ ತಗ್ಗಿನಲ್ಲಿರುವ ಡಿಗ್ರಿಯಲ್ಲಿ ನಿಲ್ಲಿಸಿ. ಖಾಲಿ ಸ್ಲಾಟ್‌ಗಳಿಗೆ ಬ್ಲಾಂಕಿಂಗ್ ಪ್ಲೇಟ್ ಹಾಕದೆ ಈ ಕೆಲಸಕ್ಕೆ ಕೈ ಹಾಕಬೇಡಿ, ಹಿಂದಿನ ಬಿಸಿ ಗಾಳಿ ಸುತ್ತಿ ಮುಂದೆ ಬರುತ್ತದೆ.

ಕೊನೆಗೆ ಸ್ಲರ್ಮ್‌ನಲ್ಲಿ ಕಟ್ಟುವುದು

ಮಿತಿ, ಬೀಗ ಎಲ್ಲವನ್ನೂ ಕೈಯಲ್ಲಿ ಹಾಕಿದರೆ ಒಂದು ರೀಬೂಟ್‌ಗೆ ಅಳಿಸಿಹೋಗುತ್ತದೆ. ನೋಡ್ ಏಳುವಾಗ ಓಡುವ ಸಿಸ್ಟಮ್‌ಡಿ ಸೇವೆಯಲ್ಲಿ ಡೀಫಾಲ್ಟ್ ಮಿತಿ ಇಡಿ. ಜಾಬ್ ಬೇರೆ ಕೇಳಿದರೆ ಪ್ರೋಲಾಗ್ ಬದಲಿಸಲಿ, ಜಾಬ್ ಮುಗಿದ ಮೇಲೆ ಓಡುವ ಎಪಿಲಾಗ್ ಮತ್ತೆ ಡೀಫಾಲ್ಟ್‌ಗೆ ತರಲಿ. ಪ್ರೋಲಾಗ್ ಸ್ಕ್ರಿಪ್ಟ್ ಸೊನ್ನೆಯಲ್ಲದ ಅಂಕಿ ಹಿಂದಿರುಗಿಸಿದರೆ ಸ್ಲರ್ಮ್ ಆ ನೋಡನ್ನು ಡ್ರೇನ್ ಮಾಡಿ, ಹೊಸ ಜಾಬ್ ಕೊಡುವುದನ್ನು ನಿಲ್ಲಿಸಿಬಿಡುತ್ತದೆ. ಒಂದು ಕಾರ್ಡ್ ಮಿತಿ ಒಪ್ಪಲಿಲ್ಲವೆಂದು ಇಡೀ ನೋಡ್ ಹೊರಗುಳಿಯಬಾರದು, ಹಾಗಾಗಿ ದೋಷವನ್ನು ಲಾಗ್‌ಗೆ ಬರೆದು ಸೊನ್ನೆಯನ್ನೇ ಹಿಂದಿರುಗಿಸಿ.

ಸ್ಲರ್ಮ್‌ನ ಶಕ್ತಿ ಲೆಕ್ಕದ ಪ್ಲಗಿನ್‌ಗಳಲ್ಲಿ ರ‍್ಯಾಪಲ್‌ನದನ್ನು ಜಿಪಿಯು ನೋಡ್‌ಗೆ ಹಾಕಬೇಡಿ, ಅದಕ್ಕೆ ಕಾರ್ಡ್ ಕಾಣುವುದಿಲ್ಲ. ಐಪಿಎಂಐನದನ್ನು ಹಾಕಿ. ಜಾಬ್‌ಗಳ ಲೆಕ್ಕ ತೋರಿಸುವ ಎಸ್‌ಎಸಿಸಿಟಿಯಲ್ಲಿ ಕನ್ಸ್ಯೂಮ್ಡ್‌ಎನರ್ಜಿ ಕಾಲಂ ಇಡೀ ನೋಡ್‌ನ ಜೂಲ್, ಎರಡು ಜಾಬ್ ಒಂದೇ ನೋಡ್ ಹಂಚಿಕೊಂಡಿದ್ದರೆ ಎರಡಕ್ಕೂ ಪೂರ್ತಿ ಅಂಕಿ ಬೀಳುತ್ತದೆ. ಬಳಕೆದಾರರಿಗೆ ಜೂಲ್ ತೋರಿಸುವ ಮುನ್ನ ಪೂರ್ತಿ ನೋಡ್ ಹಿಡಿದ ಜಾಬ್‌ಗಳನ್ನು ಮಾತ್ರ ಸೋಸಿ ತೆಗೆಯಿರಿ.

ಡ್ರೈವರ್, ಬಯಾಸ್, ಬಿಎಂಸಿ ಫರ್ಮ್‌ವೇರ್ ಯಾವುದು ಬದಲಾದರೂ ಮರುದಿನ ಬೆಳಿಗ್ಗೆ ಮೂರು ಅಂಕಿ ನೋಡಿ: ಪ್ರತಿ ಕಾರ್ಡ್‌ನ ಈಗಿನ ಪವರ್ ಮಿತಿ, ನೋ-ಟರ್ಬೊ ಫೈಲ್‌ನಲ್ಲಿ ಇರುವುದು 1 ಹೌದೇ, ಖಾಲಿ ನೋಡ್‌ನ ಗೋಡೆ ವ್ಯಾಟ್ ಚೀಟಿಯಲ್ಲಿ ಬರೆದಿಟ್ಟ ಅಂಕಿಯೇ ಹೌದೇ. ಖಾಲಿ ವ್ಯಾಟ್ ಏರಿದ್ದರೆ ಮೊದಲು ಅನುಮಾನಿಸಬೇಕಾದದ್ದು ಬಯಾಸನ್ನು, ಅಪ್‌ಡೇಟ್ ಅದನ್ನು ಫ್ಯಾಕ್ಟರಿ ಸೆಟ್ಟಿಂಗ್‌ಗೆ ತಂದು ಸಿ6 ಮುಚ್ಚಿರಬಹುದು.